ಸಹಾಯ ಬೇಕು: ಕಪ್ಪು ಮುಖ, ಬಿಳಿ ಮುಖ ಒಂದೇ ಫ್ರೇಮಿನಲ್ಲಿ, ಲೈಟಿಂಗ್ ಹೇಗೆ?

ಎಲ್ಲರಿಗೂ ನಮಸ್ಕಾರ. ಜನಾಂಗ ಮತ್ತು ನೆರೆಹೊರೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ನಿರ್ಮಾಪಕರು ಯಾರೂ ಇಲ್ಲ, ಕ್ಯಾಮೆರಾ, ಸೌಂಡ್ ಎರಡೂ ನಾನೇ. ಅದರಲ್ಲಿ ಇಬ್ಬರು ಹಳೆಯ ಗೆಳತಿಯರು ಅಕ್ಕಪಕ್ಕ ಕೂತು ಮಾತಾಡುವ ದೃಶ್ಯ ಇದೆ. ಒಬ್ಬರದು ಕಡುಗಪ್ಪು ಮೈಬಣ್ಣ, ಇನ್ನೊಬ್ಬರದು ತುಂಬಾ ಬಿಳಿ. ಆಟೋ ಎಕ್ಸ್‌ಪೋಷರ್‌ನಲ್ಲಿ ಬಿಳಿ ಮುಖ ಸರಿಯಾಗಿ ಬಂದರೆ, ಕಪ್ಪು ಮುಖದಲ್ಲಿ ಕಣ್ಣಂಚಿನ ಗೆರೆ, ಕೆನ್ನೆಯ ತಿರುವು ಏನೂ ಕಾಣುವುದಿಲ್ಲ. ಈ ಸಿನಿಮಾದಲ್ಲಂತೂ ಹಾಗಾಗಲೇಬಾರದು, ಅಲ್ವಾ? ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ದಶಕಗಳ ಕಾಲ ಬಿಳಿ ಹೆಂಗಸಿನ ಫೋಟೋ ಇದ್ದ ಶರ್ಲಿ ಕಾರ್ಡ್ ನೋಡಿಯೇ ಬಣ್ಣ ಹೊಂದಿಸುತ್ತಿದ್ದವು. ಆ ತಾರತಮ್ಯ ನನ್ನ ಫ್ರೇಮಿನಲ್ಲಿ ಮುಂದುವರಿಯುವುದು ನನಗೆ ಇಷ್ಟವಿಲ್ಲ.

ಎಕ್ಸ್‌ಪೋಷರ್ ಮ್ಯಾನ್ಯುಯಲ್ ಇಟ್ಟು, ಲಾಗ್‌ನಲ್ಲಿ (ನೆರಳು, ಬೆಳಕು ಎರಡರಲ್ಲೂ ಹೆಚ್ಚು ಡೀಟೇಲ್ ಉಳಿಸುವ ರೆಕಾರ್ಡಿಂಗ್ ಮೋಡ್) ಶೂಟ್ ಮಾಡಿ, ಕಪ್ಪು ಮೈಬಣ್ಣದವರ ಪಕ್ಕ ದೊಡ್ಡ ಬಿಳಿ ಬೋರ್ಡ್ ಇಟ್ಟು ಬೆಳಕು ಬೌನ್ಸ್ ಮಾಡೋಣ ಅಂದುಕೊಂಡಿದ್ದೇನೆ. ಇರುವುದು ಒಂದೇ ಎಲ್‌ಇಡಿ ಲೈಟ್. ಸುಮ್ನೆ ಬೆಳಕು ಜಾಸ್ತಿ ಮಾಡಿದರೆ ಬಿಳಿ ಹಣೆಯಲ್ಲಿ ಡೀಟೇಲ್ ಹೋಗುತ್ತದೆ. ಇಂಥ ಸೀನ್ ಮಾಡಿದವರು ಲೈಟ್ ಎಲ್ಲಿಟ್ಟಿರಿ? ಎಕ್ಸ್‌ಪೋಷರ್ ನೋಡಲು ಝೀಬ್ರಾ (ಬೆಳಕು ಹೆಚ್ಚಾದ ಜಾಗದ ಮೇಲೆ ಪಟ್ಟೆ ತೋರಿಸುವುದು) ನಂಬಿದಿರಾ, ಫಾಲ್ಸ್ ಕಲರ್ (ಬೆಳಕಿನ ಮಟ್ಟವನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವುದು) ನಂಬಿದಿರಾ?

ಇನ್ನೊಂದು ವಿಷಯ. ರಫ್ ಕಟ್ (ಮೊದಲ ಕಚ್ಚಾ ಎಡಿಟ್) ಅನ್ನು ಮೊದಲು ಅವರಿಬ್ಬರಿಗೇ ತೋರಿಸುತ್ತೇನೆ, ಬೇಡ ಎಂದ ಮಾತು ತೆಗೆಯುತ್ತೇನೆ. ಒಪ್ಪಿಗೆ ಪತ್ರದಲ್ಲಿ ಇದನ್ನು ಬರೆದವರಿದ್ದರೆ ಆ ಸಾಲುಗಳನ್ನು ದಯವಿಟ್ಟು ಹಂಚಿಕೊಳ್ಳಿ.