ಸಹಾಯ ಬೇಕು: 60 ಸಾವಿರ ಎಕ್ಸ್‌ಎಂಎಲ್ ಫೈಲು, ಒಂದೇ ಲ್ಯಾಪ್‌ಟಾಪು

ಪುಣೆ ಕನ್ನಡ ಬಳಗಕ್ಕೆ ನಮಸ್ಕಾರ. ಹಿಂಜವಡಿಯ ಆಫೀಸಿನಲ್ಲಿ 60 ಸಾವಿರ ಎಕ್ಸ್‌ಎಂಎಲ್ (ಮಾಹಿತಿಗೆ ಟ್ಯಾಗ್ ಹಾಕಿಟ್ಟ) ಫೈಲುಗಳು ನನ್ನ ತಲೆಗೆ ಬಿದ್ದಿವೆ. ಎಲ್ಲದರ ಟ್ಯಾಗ್ ಬದಲಿಸಬೇಕು. ಒಂದೊಂದೇ ಫೈಲಿಗೆ ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ರೂಪ ಬದಲಿಸುವ ಭಾಷೆ) ಓಡಿಸಿದೆ. ಪ್ರತಿ ಸಲವೂ ಜಾವಾ ಹೊಸದಾಗಿ ಶುರುವಾಗುತ್ತದೆ, ಬದಲಾವಣೆಯ ನಿಯಮಗಳಿರುವ ಸ್ಟೈಲ್‌ಶೀಟ್ ಮತ್ತೆ ಕಂಪೈಲ್ ಆಗುತ್ತದೆ. ಕೆಲಸಕ್ಕಿಂತ ಪೀಠಿಕೆಯೇ ಜಾಸ್ತಿ!

ಈಗ ಎಲ್ಲವನ್ನೂ ಬೇಸ್‌ಎಕ್ಸ್ ಎಂಬ ಎಕ್ಸ್‌ಎಂಎಲ್ ಡೇಟಾಬೇಸಿಗೆ ತುಂಬಿದ್ದೇನೆ. ಹುಡುಕಾಟ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಆದರೆ ಎಲ್ಲ ಫೈಲಿಗೂ ಸೇರಿಸಿ ಒಂದೇ ಎಕ್ಸ್‌ಕ್ವೆರಿ (ಎಕ್ಸ್‌ಎಂಎಲ್‌ನಲ್ಲಿ ಹುಡುಕುವ, ಬದಲಿಸುವ ಭಾಷೆ) ಅಪ್‌ಡೇಟ್ ಕೊಟ್ಟರೆ ಮೆಮೊರಿ ಸಾಲದೆ ಕೂತುಬಿಡುತ್ತದೆ. ಬದಲಾವಣೆಗಳೆಲ್ಲ ಕ್ವೆರಿಯ ಕೊನೆಗೇ ಒಟ್ಟಿಗೆ ಜಾರಿಯಾಗುತ್ತವೆ, ಅದಕ್ಕೇ ಅಲ್ವಾ? ಸಾವಿರದಂತೆ ಕಂತು ಮಾಡಲೇ? ಇಲ್ಲ, ಡೇಟಾಬೇಸ್ ಮುಟ್ಟದೆ ಬದಲಾದ ಪ್ರತಿಗಳನ್ನು ನೇರ ಡಿಸ್ಕಿಗೆ ಬರೆಯಲೇ? ಕಂತು ಮಾಡಿದರೆ ಹುಡುಕಾಟದ ಇಂಡೆಕ್ಸ್ ಪ್ರತಿ ಸಲ ಕಟ್ಟಬೇಕಾ, ಕೊನೆಗೊಮ್ಮೆ ಸಾಕಾ?

ಸುಮ್ನೆ ಊಹೆ ಬೇಡ, ಮಾಡಿ ನೋಡಿದವರು ಹೇಳಿ. ಭಾನುವಾರ ಜೊತೆಗೆ ಕೂತು ತೋರಿಸುವುದಾದರೆ ಫಿಲ್ಟರ್ ಕಾಫಿ ನನ್ನದು.