ಅಮ್ಮನಿಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಒಂದು ಕಣ್ಣು ಮಂಜು. ಕಾಯಬಹುದಾ?

ಗೋಣಿಕೊಪ್ಪ ತೋಟದಮನೆ:
ಅಮ್ಮನಿಗೆ 58 ವರ್ಷ. 2019ರಲ್ಲಿ ಆಪರೇಷನ್, ಕೀಮೋ ಎಲ್ಲ ಆಗಿ ಆರಾಮಾಗಿದ್ದರು. ಈಗ ಎಡಗಣ್ಣು ಮಂಜು. ನೋವಿಲ್ಲ, ಕೆಂಪಾಗಿಲ್ಲ. ಆದರೆ ಆ ಕಣ್ಣಲ್ಲಿ ನೋಡಿದರೆ ತೋಟದ ಸಿಲ್ವರ್ ಓಕ್ ಮರ ನಡುವೆ ಸೊಟ್ಟಗಾದ ಹಾಗೆ ಕಾಣುತ್ತಂತೆ, ಕತ್ತಲಲ್ಲಿ ಮಿಂಚು ಹೊಡೆದ ಹಾಗೂ ಆಗುತ್ತಂತೆ. ಪೊರೆ ಇರಬೇಕು, ಕಾಫಿ ಕೊಯ್ಲು ಮುಗಿಯಲಿ ಅಂತ ಮನೆಯವರು ಹೇಳುತ್ತಿದ್ದಾರೆ. ನನಗೆ ಯಾಕೋ ಸಮಾಧಾನ ಇಲ್ಲ.

ಕುಶಾಲನಗರ, ಕಣ್ಣಿನ ವಿಭಾಗದ ಕೆಲಸ:
ಕೊಯ್ಲಿಗೆ ಕಾಯಬೇಡಿ. ಪೊರೆ ಬಂದರೆ ಮಂಜಾಗುತ್ತದೆ, ಗೆರೆ ಸೊಟ್ಟ ಕಾಣುವುದಿಲ್ಲ. ಸೊಟ್ಟ ಕಾಣುವುದು, ಮಿಂಚು ಬರುವುದು ಅಂದರೆ ರೆಟಿನಾ, ಅಂದರೆ ಕಣ್ಣಿನೊಳಗೆ ಹಿಂಭಾಗದ ಪರದೆ, ಅದರ ಕಡೆ ನೋಡಲೇಬೇಕು. ಕ್ಯಾನ್ಸರ್ ಕಣ ರಕ್ತದ ಜೊತೆ ಬಂದು ಕಣ್ಣಲ್ಲಿ ಕೂರುವುದು ಹೆಚ್ಚಾಗಿ ರೆಟಿನಾದ ಹಿಂದಿನ ಕೊರಾಯ್ಡ್ ಪದರದಲ್ಲಿ, ಅಲ್ಲಿ ರಕ್ತ ಓಡಾಟ ಜಾಸ್ತಿ. ಹೆಂಗಸರಲ್ಲಿ ಸ್ತನದಿಂದ, ಗಂಡಸರಲ್ಲಿ ಶ್ವಾಸಕೋಶದಿಂದ ಬರುವುದೇ ಹೆಚ್ಚು. ಸ್ತನ ಕ್ಯಾನ್ಸರ್ ವರ್ಷಗಳಾದ ಮೇಲೂ ಹೀಗೆ ಬರಬಹುದು. ಅಮ್ಮನಿಗೆ ಅದೇ ಅಂತ ನಾನು ಹೇಳುತ್ತಿಲ್ಲ, ಬೇರೆ ಕಾರಣವೂ ಇರಬಹುದು. ಆದರೆ ಹಳೆ ಕ್ಯಾನ್ಸರ್ ವಿಷಯ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿ, ಅವರು ಕೇಳದಿದ್ದರೂ ಹೇಳಿ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ನೋಡುತ್ತಾರೆ, ಸ್ಕ್ಯಾನ್ ಮಾಡುತ್ತಾರೆ. ಎರಡೂ ಕಣ್ಣು ನೋಡಿಸಿ.

ಸೋಮವಾರಪೇಟೆ:
ನಮ್ಮ ಮಾವನಿಗೆ ಕೆಮ್ಮೂ ಇರಲಿಲ್ಲ. ಕಣ್ಣು ಮಂಜು ಅಂತ ಹೋದರು, ಕಣ್ಣಿನ ಡಾಕ್ಟರೇ ಎದೆ ಸ್ಕ್ಯಾನ್ ಬರೆದುಕೊಟ್ಟರು, ಶ್ವಾಸಕೋಶದಲ್ಲಿ ಗಡ್ಡೆ ಸಿಕ್ಕಿತು. ದಯವಿಟ್ಟು ತಡ ಮಾಡಬೇಡಿ.

ಗೋಣಿಕೊಪ್ಪ ತೋಟದಮನೆ:
ಓದಿ ಕೈಕಾಲು ತಣ್ಣಗಾಯಿತು. ಅದೇ ಆಗಿದ್ದರೆ ಕಣ್ಣು ತೆಗೆಯುತ್ತಾರಾ? ಅಮ್ಮನ ಭಯ ಅದೊಂದೇ.

ಕುಶಾಲನಗರ, ಕಣ್ಣಿನ ವಿಭಾಗದ ಕೆಲಸ:
ಇಲ್ಲ, ತೆಗೆಯುವುದು ತೀರಾ ಅಪರೂಪ. ಮೈಯಲ್ಲಿರುವ ಕ್ಯಾನ್ಸರ್‌ಗೆ ಕೊಡುವ ಹಾರ್ಮೋನ್ ಮಾತ್ರೆ, ಕೀಮೋಗೇ ಎಷ್ಟೋ ಸಲ ಕಣ್ಣಿನದೂ ಕರಗುತ್ತದೆ. ಸಾಲದಿದ್ದರೆ ರೇಡಿಯೇಷನ್ ಕೊಡುತ್ತಾರೆ. ಬೇಗ ಹೋದಷ್ಟೂ ದೃಷ್ಟಿ ಉಳಿಯುವ ಸಾಧ್ಯತೆ ಜಾಸ್ತಿ. ಕಣ್ಣಲ್ಲಿ ಸಿಕ್ಕರೆ ಮೈಯೆಲ್ಲ ಪರೀಕ್ಷೆ ಮಾಡುತ್ತಾರೆ, ಹಾಗಾಗಿ ಕ್ಯಾನ್ಸರ್ ಡಾಕ್ಟರಿಗೂ ಇವತ್ತೇ ಫೋನ್ ಮಾಡಿ. ಹಳೆ ಬಯಾಪ್ಸಿ ರಿಪೋರ್ಟ್, ಕೀಮೋ ಚೀಟಿ ಎಲ್ಲ ತೆಗೆದುಕೊಂಡು ಹೋಗಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಸರಿಯಾಗಿ ಕಾಣುವುದಿಲ್ಲ, ಜೊತೆಗೆ ಒಬ್ಬರು ಇರಲೇಬೇಕು.

ಗೋಣಿಕೊಪ್ಪ ತೋಟದಮನೆ:
ನಾಳೆ ಬೆಳಿಗ್ಗೆ ಮೈಸೂರಿಗೆ ಹೊರಟೆವು. ಕೊಯ್ಲು ತಮ್ಮ ನೋಡಿಕೊಳ್ಳುತ್ತಾನೆ.