ಪಾಯಿಂಟ್ 22 ರೈಫಲ್ ಬ್ಯಾರೆಲ್ ಎಷ್ಟು ಸಲ ಕ್ಲೀನ್ ಮಾಡಬೇಕು? ಕೊಬ್ಬರಿ ಎಣ್ಣೆ ಹಾಕಬಹುದಾ?

ಕಲ್ಪತರು_ಪ್ರೋನ್, ತಿಪಟೂರು

ಎಲ್ಲರಿಗೂ ನಮಸ್ಕಾರ. ನಾನು 50 ಮೀಟರ್ ಪ್ರೋನ್ (ಬೋರಲು ಮಲಗಿ ಗುರಿ ಹೊಡೆಯೋದು) ಹೊಡೆಯುತ್ತೇನೆ. ಹಳೇ ಅನ್‌ಶುಟ್ಜ್ ಬೋಲ್ಟ್ ಆಕ್ಷನ್ ರೈಫಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇತ್ತೀಚೆಗೆ ಗ್ರೂಪ್, ಅಂದ್ರೆ ಟಾರ್ಗೆಟ್ ಮೇಲೆ ಗುಂಡುಗಳು ಬೀಳೋ ಜಾಗ, ಅಗಲ ಆಗ್ತಾ ಇದೆ. ರೌಂಡ್ಸ್ (ಕಾಡತೂಸು) ಅದೇ ಲಾಟ್‌ದು, ಬದಲಾಯಿಸಿಲ್ಲ. ಬೋಲ್ಟ್ (ರೌಂಡ್ ಒಳಗೆ ತಳ್ಳಿ ಮುಚ್ಚೋ ಭಾಗ) ಮುಚ್ಚುವಾಗ ಕೊನೆಯಲ್ಲಿ ಸ್ವಲ್ಪ ಬಿಗಿ ಅನ್ನಿಸುತ್ತೆ. ಜೊತೆಯಲ್ಲಿ ಹೊಡೆಯುವವರಲ್ಲಿ ಒಬ್ಬರು ಪ್ರತಿ ಸಲ ಬ್ರಷ್ ಹಾಕಿ ಉಜ್ಜಲೇಬೇಕು ಅಂತಾರೆ, ಇನ್ನೊಬ್ಬರು 22 ಬ್ಯಾರೆಲ್ ಮುಟ್ಟಲೇಬೇಡ, ಉಜ್ಜಿ ಉಜ್ಜಿನೇ ಹಾಳಾಗೋದು ಅಂತಾರೆ. ಯಾರ ಮಾತು ಕೇಳೋದು? ಮನೆಯಲ್ಲಿ ತಾತ ತೋಟದ ಕೋವಿಗೆ ಮೊದಲಿಂದಲೂ ಕೊಬ್ಬರಿ ಎಣ್ಣೆಯನ್ನೇ ಸವರುತ್ತಿದ್ದರು. ನಮ್ಮೂರಲ್ಲಿ ಅದಕ್ಕೇನೂ ಬರ ಇಲ್ಲ. ಇದಕ್ಕೂ ಅದು ನಡೆಯುತ್ತಾ?

ಅಂತರಗಂಗೆ_22, ಕೋಲಾರ

ಕೊಬ್ಬರಿ ಎಣ್ಣೆ ಬೇಡ. ತಾತನ ಕೋವಿಗೆ ನಡೆದಿರಬಹುದು, ಮ್ಯಾಚ್ ರೈಫಲ್ ಒಳಗೆ ಬೇಡ. ಸುಮಾರು 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗುತ್ತೆ, ಡಿಸೆಂಬರ್ ಬೆಳಿಗ್ಗೆ ಬಾಟಲಿ ನೋಡಿರ್ತೀರಲ್ವಾ. ದಿನ ಕಳೆದ ಹಾಗೆ ಅಂಟಾಗಿ ಧೂಳು ಹಿಡಿಯುತ್ತೆ. ತೆಳುವಾದ ಗನ್ ಆಯಿಲ್ ಒಂದು ಚಿಕ್ಕ ಬಾಟಲಿ ತಗೊಳ್ಳಿ, ತುಂಬಾ ದಿನ ಬರುತ್ತೆ.

ಮುಟ್ಟಲೇಬೇಡ ಅನ್ನೋರ ಮಾತಿನಲ್ಲಿ ಅರ್ಧ ನಿಜ ಇದೆ. ಮ್ಯಾಚ್ ರೌಂಡ್ಸ್‌ನಲ್ಲಿ ಇರೋದು ಬರೀ ಸೀಸದ ಗುಂಡು. ಮೇಲೆ ಮೇಣ ಅಥವಾ ಗ್ರೀಸ್ ಲೇಪ. ವೇಗ ಸೆಕೆಂಡಿಗೆ ಸುಮಾರು 330 ಮೀಟರ್ ಅಷ್ಟೇ, ದೊಡ್ಡ ರೈಫಲ್ ತರಹ ಬ್ಯಾರೆಲ್ ಸವೆಯಲ್ಲ. ತಾಮ್ರದ ಕವಚ ಇಲ್ಲದಿರೋದರಿಂದ ಅಮೋನಿಯಾ ಹಾಕಿದ ತಾಮ್ರ ತೆಗೆಯೋ ಸಾಲ್ವೆಂಟ್ ಕೂಡ ಬೇಕಿಲ್ಲ. ಪ್ರತಿ ಗುಂಡೂ ಆ ಮೇಣವನ್ನು ನಳಿಗೆಯ ಒಳಗೆ ತೆಳುವಾಗಿ ಬಳಿಯುತ್ತಾ ಹೋಗುತ್ತೆ, ಆ ಪದರ ಒಂದೇ ಸಮ ಇದ್ದಾಗ ಗ್ರೂಪ್ ಕೂಡುತ್ತೆ. ಚೆನ್ನಾಗಿ ತೊಳೆದ ಬ್ಯಾರೆಲ್‌ನಲ್ಲಿ ಮೊದಲ ಹತ್ತು ಇಪ್ಪತ್ತು ಗುಂಡು ಅಲೆದಾಡೋದು ಅದಕ್ಕೇ.

ಇನ್ನರ್ಧ ಇರೋದು ಚೇಂಬರ್ (ರೌಂಡ್ ಕೂರೋ ಜಾಗ) ಮುಂದೆ, ರೈಫ್ಲಿಂಗ್ (ನಳಿಗೆ ಒಳಗಿನ ಸುರುಳಿ ಗೆರೆಗಳು) ಶುರುವಾಗೋ ಜಾಗದಲ್ಲಿ. 22 ತರಹದ ರಿಮ್‌ಫೈರ್ ರೌಂಡ್ಸ್‌ನಲ್ಲಿ ಪ್ರೈಮರ್ ಮಸಾಲೆ, ಅಂದ್ರೆ ಮೊದಲು ಕಿಡಿ ಕೊಡೋ ಮದ್ದು, ತಳದ ಅಂಚಿನ (ರಿಮ್) ಸುತ್ತ ಹರಡಿರುತ್ತೆ, ಎಷ್ಟೋ ರೌಂಡ್ಸ್‌ನಲ್ಲಿ ಅದಕ್ಕೆ ನುಣ್ಣಗೆ ಪುಡಿ ಮಾಡಿದ ಗಾಜೂ ಸೇರಿರುತ್ತೆ. ಮಸಿ, ಸೀಸ, ಮೇಣ, ಆ ಪುಡಿ ಎಲ್ಲ ಸೇರಿ ಅಲ್ಲಿ ಉಂಗುರದ ಹಾಗೆ ಕಟ್ಟುತ್ತೆ. ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸೋ ಪಾತ್ರೆಗೆ ಕಟ್ಟೋ ಬಿಳಿ ಪೊರೆ ನೋಡಿದ್ದೀರಲ್ಲ, ಅಷ್ಟೇ ಹಟಮಾರಿ. ಸುಮ್ನೆ ಒಣ ಬಟ್ಟೆ ಎಳೆದರೆ ಹೋಗಲ್ಲ. ಬೋಲ್ಟ್ ಬಿಗಿ, ಗ್ರೂಪ್ ಅಗಲ, ಎರಡೂ ಒಟ್ಟಿಗೆ ಅಂದಿದ್ದೀರಿ. ನನಗೆ ಮೊದಲ ಅನುಮಾನ ಇದರ ಮೇಲೆ.

ನಂದಿ_ತಪ್ಪಲು, ಚಿಕ್ಕಬಳ್ಳಾಪುರ

ಮೇಲಿನವರು ಹೇಳಿದ್ದು ಸರಿ. ಮಾಡೋ ರೀತಿ ಬರೀತೀನಿ, ಯಾಕಂದ್ರೆ ತಪ್ಪಾಗಿ ಕ್ಲೀನ್ ಮಾಡೋದಕ್ಕಿಂತ ಮಾಡದೇ ಇರೋದು ವಾಸಿ.

ಮೊದಲು ಬೋಲ್ಟ್ ಪೂರ್ತಿ ಹೊರಗೆ ತೆಗೆಯಿರಿ, ಚೇಂಬರ್ ಖಾಲಿ ಇದೆಯಾ ಕಣ್ಣಾರೆ ನೋಡಿ. ರೌಂಡ್ಸ್ ಆ ಮೇಜಿನ ಮೇಲೇ ಇರಬಾರದು. ರಾಡ್ ಯಾವಾಗಲೂ ಹಿಂದಿನಿಂದ, ಬ್ರೀಚ್ ಕಡೆಯಿಂದಲೇ ಹೋಗಬೇಕು. ಬ್ಯಾರೆಲ್‌ನ ತುದಿಯ ಅಂಚು, ಅಂದ್ರೆ ಕ್ರೌನ್, ಗುಂಡನ್ನು ಕೊನೆಯದಾಗಿ ಮುಟ್ಟೋ ಜಾಗ. ಅಲ್ಲಿ ರಾಡ್ ಉಜ್ಜಿ ಒಂದು ಕಡೆ ಸವೆದರೆ ಗುಂಡು ಓರೆ ಹೋಗುತ್ತೆ, ಅದಕ್ಕೆ ಕ್ಲೀನಿಂಗ್‌ನಲ್ಲಿ ಮದ್ದಿಲ್ಲ. ರಾಡ್ ಒಂದೇ ತುಂಡಿನದು ಇರಲಿ, ಪ್ಲಾಸ್ಟಿಕ್ ಕೋಟಿಂಗ್ ಇದ್ದರೆ ಒಳ್ಳೇದು, ಮೂರು ತುಂಡು ತಿರುಗಿಸಿ ಸೇರಿಸೋದು ಬಾಗಿ ಒಳಗೆ ಗೀರುತ್ತೆ. ರಾಡ್ ನೇರ ಒಳಗೆ ಹೋಗೋ ಹಾಗೆ ಹಿಡಿಯೋ ಬೋರ್ ಗೈಡ್‌ಗೆ ಖರ್ಚು ಮಾಡಿ, ಬೇರೆ ಯಾವುದಕ್ಕೆ ಮಾಡದಿದ್ದರೂ.

ಸಾಲ್ವೆಂಟ್ ಹಾಕಿದ ಪ್ಯಾಚ್ (ಚಿಕ್ಕ ಬಟ್ಟೆ ತುಂಡು) ಅಥವಾ ಫೆಲ್ಟ್ ಒಂದನ್ನು ತಳ್ಳಿ, ತುದಿಯಲ್ಲಿ ಹೊರಗೆ ಬಿದ್ದುಬಿಡಲಿ. ಆ ಕೊಳೆಯನ್ನು ವಾಪಸ್ ಒಳಗೆ ಎಳೀಬೇಡಿ. ಹತ್ತು ನಿಮಿಷ ಬಿಡಿ. ಆಮೇಲೆ ಕಂಚಿನ ಬ್ರಷ್ ಬರೀ ಚೇಂಬರ್ ಮುಂದಿನ ಆ ಉಂಗುರಕ್ಕೆ, ಮೆಲ್ಲಗೆ. ಸ್ಟೀಲ್ ಬ್ರಷ್ ಯಾವತ್ತೂ ಬೇಡ. ಮತ್ತೆ ಪ್ಯಾಚ್, ಬಿಳಿಯಾಗೇ ಬರಬೇಕು ಅಂತ ಹಟ ಬೇಡ. ಬೋಲ್ಟ್ ಮುಖ, ಖಾಲಿ ಕೇಸ್ ಹೊರಗೆ ಎಳೆಯೋ ಎಕ್ಸ್‌ಟ್ರ್ಯಾಕ್ಟರ್‌ನ ಸಂದಿ ಮರೀಬೇಡಿ, ಮೇಣ ಅಲ್ಲೂ ತುಂಬಿರುತ್ತೆ.

ಮಾಜಿ_ಕೆಡೆಟ್, ತುಮಕೂರು

ನಮಗೆ ಎನ್‌ಸಿಸಿಯಲ್ಲಿ ಫೈರಿಂಗ್ ಆದ ದಿನವೇ ಚಿಂದಿ ಹಾಕಿ ಕ್ಲೀನ್ ಮಾಡಿಸುತ್ತಿದ್ದರು. ಒಂದು ದಿನ ಬಿಟ್ಟರೂ ತುಕ್ಕು ಅಂತಿದ್ದರು. ಅದು ಸುಳ್ಳಾ?

ಅಂತರಗಂಗೆ_22, ಕೋಲಾರ

ಸುಳ್ಳಲ್ಲ ಸರ್, ಬೇರೆ ಕಾಲದ ಮಾತು. ಹಳೇ 303 ರೈಫಲ್ ರೌಂಡ್ಸ್‌ನ ಪ್ರೈಮರ್ ಉರಿದ ಮೇಲೆ ಉಪ್ಪು ಉಳಿಯುತ್ತಿತ್ತು, ಆ ಉಪ್ಪು ಗಾಳಿಯ ತೇವ ಎಳೆದು ತುಕ್ಕು ಹಿಡಿಸುತ್ತಿತ್ತು. ಅದಕ್ಕೇ ಬಿಸಿನೀರು ಹಾಕಿ ತೊಳೆಯೋ ಪದ್ಧತಿ ಇತ್ತು. ಈಗಿನ 22 ಮ್ಯಾಚ್ ರೌಂಡ್ಸ್‌ನಲ್ಲಿ ಆ ಉಪ್ಪಿಲ್ಲ. ಎಲ್ಲರೂ ಹಂಚಿಕೊಂಡು ಬಳಸೋ ರೈಫಲ್‌ಗೆ ದಿನಾ ಕ್ಲೀನ್ ಮಾಡೋ ಶಿಸ್ತು ಬೇಕೇ ಬೇಕು, ಅದು ಬೇರೆ ವಿಷಯ.

ಮಳೆಯಲ್ಲಿ ನೆನೆದರೆ ಮಾತ್ರ ಕಾಯಬೇಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಮೂರೂ ಜಿಲ್ಲೆಗೆ ಜೋರು ಮಳೆ. ಎಸಿ ಕಾರಿನಿಂದ ಹೊರಗೆ ತಂದ ಕೂಡಲೇ ತಣ್ಣಗಿರೋ ಲೋಹದ ಮೇಲೆ ತೇವ ಕೂರುತ್ತೆ. ಒರೆಸಿ, ಒಳಗೆ ತೆಳುವಾಗಿ ಎಣ್ಣೆ ಹಾಕಿ, ನೆನೆದ ಫೋಮ್ ಕೇಸ್‌ನಲ್ಲಿ ಹಾಗೇ ಮುಚ್ಚಿಡಬೇಡಿ. ಮತ್ತೆ ಹೊಡೆಯೋ ಮುಂಚೆ ಒಣ ಪ್ಯಾಚ್‌ನಿಂದ ಆ ಎಣ್ಣೆ ಪೂರ್ತಿ ತೆಗೆಯಿರಿ.

ಕಲ್ಪತರು_ಪ್ರೋನ್, ತಿಪಟೂರು

ತುಂಬಾ ಥ್ಯಾಂಕ್ಸ್. ಹಾಗಾದ್ರೆ ಎಷ್ಟಕ್ಕೊಂದು ಸಲ ಅಂತ ಲೆಕ್ಕ ಇಟ್ಟುಕೊಳ್ಳಲಿ?

ನಂದಿ_ತಪ್ಪಲು, ಚಿಕ್ಕಬಳ್ಳಾಪುರ

ಎಲ್ಲ ಬ್ಯಾರೆಲ್‌ಗೂ ಒಂದೇ ಲೆಕ್ಕ ಇಲ್ಲ. ಚೇಂಬರ್ ಮುಂದಿನ ಭಾಗ ಪ್ರತಿ ಪ್ರ್ಯಾಕ್ಟೀಸ್ ಆದ ಮೇಲೆ ಸಾಲ್ವೆಂಟ್ ಫೆಲ್ಟ್‌ನಿಂದ ಒರೆಸಿ, ಆಗ ಉಂಗುರ ಗಟ್ಟಿಯಾಗೋದೇ ಇಲ್ಲ. ಪೂರ್ತಿ ಕ್ಲೀನಿಂಗ್ ಯಾವಾಗ ಅಂತ ಟಾರ್ಗೆಟ್ ನೋಡಿ ತಿಳ್ಕೊಳ್ಳಿ. ಹೊಡೆದ ರೌಂಡ್ಸ್ ಎಷ್ಟು, ಗ್ರೂಪ್ ಹೇಗಿತ್ತು, ಎರಡೂ ಒಂದು ನೋಟ್‌ಬುಕ್‌ನಲ್ಲಿ ಬರೀತಾ ಹೋಗಿ, ಎಲ್ಲಿಂದ ಅಗಲ ಆಗ್ತಿದೆ ಅಂತ ನಿಮಗೇ ಕಾಣುತ್ತೆ. ಹತ್ತರ ರಿಂಗ್ ಬರೀ 10.4 ಮಿಲಿಮೀಟರ್, ಸಣ್ಣ ಬದಲಾವಣೆಯೂ ಗೊತ್ತಾಗುತ್ತೆ. ಮ್ಯಾಚ್ ಹಿಂದಿನ ರಾತ್ರಿ ಪೂರ್ತಿ ತೊಳೆದು ನೇರ ಫೈರಿಂಗ್ ಲೈನ್‌ಗೆ ಹೋಗಬೇಡಿ. ಕ್ಲೀನ್ ಮಾಡಿಯೂ ಗ್ರೂಪ್ ಕೂಡದಿದ್ದರೆ ಬ್ಯಾರೆಲ್, ಬೋಲ್ಟ್ ಇರೋ ಭಾಗವನ್ನು ಹಿಡಿಗೆ ಬಿಗಿಯೋ ಆಕ್ಷನ್ ಸ್ಕ್ರೂ ಸಡಿಲ ಆಗಿದೆಯಾ ನೋಡಿ.

ಗೌರಿಬಿದನೂರು_ಅಮ್ಮ

ಒಂದು ಮಾತು ಯಾರೂ ಬರೆದಿಲ್ಲ. ಆ ಮಸಿಯಲ್ಲಿ ಸೀಸ ಇರುತ್ತೆ. ಅಡುಗೆಮನೆಯಲ್ಲಿ, ಊಟದ ಮೇಜಿನ ಮೇಲೆ ಕ್ಲೀನ್ ಮಾಡಬೇಡಿ. ಕಿಟಕಿ ತೆಗೆದಿರಲಿ, ಗ್ಲೌಸ್ ಹಾಕಿ, ಕೊಳೆ ಪ್ಯಾಚ್‌ಗಳನ್ನು ಕವರ್‌ಗೆ ಹಾಕಿ ಕಟ್ಟಿ. ಸೋಪು ಹಾಕಿ ಕೈ ತೊಳೆದ ಮೇಲೇ ಕಾಫಿ ಲೋಟ ಮುಟ್ಟಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೆಳಗೆ ಹಾಸಿದ ಬಟ್ಟೆಯನ್ನೂ ಅವರ ಬಟ್ಟೆ ಜೊತೆ ಒಗೆಯಬೇಡಿ.